ನೀರಿನಿಂದ ಬೆಂಕಿ ತೆಗೆದವಳು

ನೀರನ್ನು ಒಡೆದು ಬೆಂಕಿ ತೆಗೆಯುತ್ತೇನೆಂದು ಅವಳು ಮೊದಲ ಸಲ ಹೇಳಿದಾಗ ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಹಾಗಾದ್ರೆ ಇನ್ಮೇಲೆ ಬೆಂಕಿ ಬಿದ್ರೆ ಏನು ಹಾಕಿ ಆರಿಸ್ತೀಯೇ?" ಎಂದು ಎಲ್ಲರೆದುರೇ ಕಾಲೆಳೆದಿದ್ದ.

ಅಡುಗೆ ಅನಿಲದ ಕಾರ್ಖಾನೆಯಲ್ಲಿ ಪೈಪಿನ ಕೀಲುಗಳಿಗೆ ಸಾಬೂನು ನೀರು ಬಳಿದು, ಅನಿಲ ಸೋರಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದರಿಂದ ಶುರುವಾದ ಕೆಲಸ ಅವಳದು. ಗಾಳಿಯಂತ್ರಗಳ ವಿದ್ಯುತ್ತಿನಿಂದ ನೀರೊಡೆದು ಹೈಡ್ರೋಜನ್ ತಯಾರಿಸುವ ಇಡೀ ಘಟಕಕ್ಕೆ ಮುಖ್ಯಸ್ಥೆಯಾದ ಮೇಲೂ ಆ ಸಾಬೂನಿನ ಬ್ರಷ್ ಬಿಡಲಿಲ್ಲ. ಕೈಕೆಳಗಿನವರು ಬೆನ್ನ ಹಿಂದೆ 'ಸಾಬೂನು ಮೇಡಂ' ಎನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು. ಅನ್ನಲಿ ಬಿಡಿ!

ಮೊದಲ ಗಿರಾಕಿಯಾಗಿ ಸಿಕ್ಕಿದ್ದು, ಯೋಗಾಯೋಗ ನೋಡಿ, ಮಾವ ಕುಲುಮೆಯ ಮೇಸ್ತ್ರಿಯಾಗಿದ್ದ ಗಾಜಿನ ಕಾರ್ಖಾನೆಯೇ. ಎಣ್ಣೆ ಉರಿಸಿ ಉರಿಸಿ ಅದರ ಚಿಮಣಿ ಬೀದಿಗೆಲ್ಲ ಮಸಿ ಬಳಿದಿತ್ತು. ಮಾವನ ಹೆಂಡತಿ, ಅವಳ ಅತ್ತೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ ಕಾರ್ಖಾನೆಗೆ ಹಿಡಿಶಾಪ ಹಾಕುತ್ತಿದ್ದಳು.

ಕುಲುಮೆಗೆ ಎಣ್ಣೆಯ ಬದಲು ಹೈಡ್ರೋಜನ್ ಕೊಟ್ಟ ಮೊದಲ ಪ್ರಯೋಗ ಮಣ್ಣುಪಾಲಾಯಿತು. ತಪ್ಪು ಮಾವನದೇ. ಎಣ್ಣೆಯ ಹಳದಿ ಜ್ವಾಲೆ ನೋಡಿ ಕಾವು ಅಳೆಯುತ್ತ ಬಂದ ಕಣ್ಣು ಅದು. ಹೈಡ್ರೋಜನ್ ಜ್ವಾಲೆಯೋ, ಕಂಡೂ ಕಾಣದಂಥದ್ದು. ಬೆಂಕಿ ಸಾಯುತ್ತಿದೆ ಎಂದುಕೊಂಡು ಮಾವ ವಾಲ್ವ್ ತಿರುಗಿಸಿದ, ಇನ್ನೂ ತಿರುಗಿಸಿದ. ಗಾಜು ಕೊತಕೊತ ಕುದ್ದು ಬಾಟಲಿಗಳ ತುಂಬ ಗುಳ್ಳೆ! ಇನ್ನೊಂದು ಸಲ ಹೀಗಾದರೆ ನಿಮ್ಮ ಪೈಪು ಕಿತ್ತುಕೊಂಡು ಹೋಗಿ ಎಂದು ಕಾರ್ಖಾನೆಯ ಯಜಮಾನ ಕಡ್ಡಿ ಮುರಿದಂತೆ ಹೇಳಿದ. ಮೊದಲ ಗಿರಾಕಿಯೇ ಕೈಬಿಟ್ಟರೆ ಎರಡನೆಯವನು ಯಾಕೆ ಬಂದಾನು? ಅಷ್ಟು ವರ್ಷದ ದುಡಿಮೆಯೆಲ್ಲ ನೀರಲ್ಲಿ ಹೋಮ.

"ಮೇಡಂ, ವಾಲ್ವಿಗೆ ಬೀಗ ಹಾಕಿಬಿಡೋಣ. ಮೇಸ್ತ್ರಿ ಮುಟ್ಟೋದೇ ಬೇಡ," ಎಂದರು ಅವಳ ಎಂಜಿನಿಯರುಗಳು.

ಅವಳಿಗೆ ಪಿತ್ತ ನೆತ್ತಿಗೇರಿತು. "ನಾಳೆ ನಾವು ಇಲ್ಲಿಂದ ಹೋದ್ಮೇಲೆ ಕುಲುಮೆ ನೋಡ್ಕೊಳ್ಳೋದು ಯಾರು, ನಿಮ್ಮ ಬೀಗವಾ?"

ಮಾವ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ನನ್ನಿಂದ ನಿನ್ನ ಮರ್ಯಾದೆ ಹೋಯ್ತಲ್ಲೇ. ನನ್ನ ಬಿಟ್ಬಿಡು."

"ಬಿಡಲ್ಲ ಮಾವ. ಬೆಂಕಿ ನೋಡ್ಬೇಡ, ಗೋಡೆ ನೋಡು."

ಘಟಕದಲ್ಲಿದ್ದ ಪುಟ್ಟ ಪರೀಕ್ಷಾ ಕುಲುಮೆಯ ಮುಂದೆ ಅವನನ್ನು ನಿಲ್ಲಿಸಿದಳು. ಒಳಗೋಡೆಯ ಇಟ್ಟಿಗೆ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಬಿಳಿಗೆ ತಿರುಗಿದಂತೆ ಮಾಪಕ ತೋರಿಸಿದ ಕಾವನ್ನು ಕೂಗಿ ಹೇಳಿದಳು. ಆಮೇಲೆ ಮಾಪಕಕ್ಕೆ ಬಟ್ಟೆ ಮುಚ್ಚಿ ಅವನನ್ನೇ ಕೇಳತೊಡಗಿದಳು. ಮಾವ ತಪ್ಪಿದ, ಬೈಸಿಕೊಂಡ, ಗೊಣಗಿದ, ಕೊನೆಗೂ ಕಲಿತ.

ಎರಡನೆಯ ಪ್ರಯೋಗದ ಬೆಳಿಗ್ಗೆ ಕೀಲುಗಳಿಗೆಲ್ಲ ತಾನೇ ಸಾಬೂನು ಬಳಿದು ನೋಡಿ ಹೈಡ್ರೋಜನ್ ಬಿಡಿಸಿದಳು. ಮಾವ ಕಪ್ಪು ಕನ್ನಡಕ ಹಾಕಿ ಇಣುಕಿದ. ಜ್ವಾಲೆಯ ಸುಳಿವಿಲ್ಲ. ಅವನ ಕೈ ವಾಲ್ವಿನತ್ತ ಹೋಯಿತು. ತಡೆಯಲು ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತುಬಿಟ್ಟಳು. ಮಾವ ಗೋಡೆ ನೋಡಿದ. ಕೈ ಹಿಂದೆ ತಗೊಂಡ.

"ಕಾವು ಸರಿಯಾಗಿದೆ ಕಣೇ. ಯಾಕೆ ಹಂಗೆ ಗರಬಡಿದವಳ ಥರ ನಿಂತಿದ್ದೀಯ?"

ಬಾಟಲಿಗಳು ಸಾಲಾಗಿ ಇಳಿದು ಬಂದವು. ಒಂದು ಗುಳ್ಳೆಯಾದರೂ ಇದ್ದರೆ ಕೇಳಿ! ಯಜಮಾನ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಪೈಪು ಇಲ್ಲೇ ಇರ್ಲಿ," ಎಂದ. ಎಂಜಿನಿಯರುಗಳು ಕುಣಿದಾಡಿದರು. ಸಾಬೂನು ಮೇಡಂ ಮಾತ್ರ ಮಾವನ ತೋಳು ಹಿಡಿದು ಗಳಗಳ ಅತ್ತಳು, ಖುಷಿಗೆ.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಗೇಟಿಗೆ ಓಡಿಬಂದಳು. "ಏನ್ರೀ, ಚಿಮಣಿಯಲ್ಲಿ ಹೊಗೆಯೇ ಇಲ್ಲ! ಕಾರ್ಖಾನೆ ಮುಚ್ಚಿಬಿಟ್ರಾ? ಬೀದಿಯವರೆಲ್ಲ ಕೇಳ್ತಿದ್ದಾರೆ!"

"ಮುಚ್ಚೋದೆಲ್ಲಿ ಬಂತು? ಒಳಗೆ ನಮ್ಮ ಹುಡುಗಿ ಹಚ್ಚಿದ ಬೆಂಕಿ ಧಗಧಗ ಉರೀತಿದೆ," ಎಂದ ಮಾವ, ಎದೆಯುಬ್ಬಿಸಿ. "ನೀನು ಹೋಗಿ ಬಟ್ಟೆ ಒಣಹಾಕು, ಹೋಗು!"