ಎಣ್ಣೆ ಹಚ್ಚಿದ ದಿನ ನಾನು ‘ಇಲ್ಲ’ ಎಂದಿರಲಿಲ್ಲ

ಮೊದಲು ಹೋದದ್ದು ದೀರ್ಘಗಳು.

ಹೊನ್ನಾವರದ ಕೋರ್ಟಿನ ಎದುರು ನನ್ನದೊಂದು ಜಾಬ್ ಟೈಪಿಂಗ್ ಅಂಗಡಿ ಇತ್ತು. ಕ್ರಯಪತ್ರ, ಅಫಿಡವಿಟ್, ತಕರಾರು ಅರ್ಜಿ, ದಿನವಿಡೀ ಇದೇ ಕೆಲಸ. ಒಂದು ದಿನ ವಕೀಲರೊಬ್ಬರು ಕ್ರಯಪತ್ರ ಹಿಡಿದುಕೊಂಡು ವಾಪಸ್ ಬಂದರು. ಜಮೀನು ಇರಬೇಕಾದಲ್ಲೆಲ್ಲ ಜಮಿನು. ಭೂಮಿ ಹೋಗಿ ಭುಮಿ. ಕನ್ನಡಕ ಬದಲಿಸಿ ಎಂದು ನಕ್ಕರು. ತಪ್ಪು ಕನ್ನಡಕದ್ದಲ್ಲ. ಶಿಫ್ಟ್ ಒತ್ತಬೇಕಾದ ಎಡಗೈ ಕಿರುಬೆರಳು ಸುಮ್ಮನೆ ಕೂತಿತ್ತು. ನಾನು ಒತ್ತಿದೆ ಅಂದುಕೊಂಡಿದ್ದೆ. ಅದು ಒತ್ತಿರಲಿಲ್ಲ.

ಆಮೇಲೆ ಪಕ್ಕದ ಬೆರಳು. ಆಮೇಲೆ ಕೈ. ಕುಮಟೆಯ ಡಾಕ್ಟರು ನರದ ನಿಶ್ಶಕ್ತಿ ಎಂದು ವಿಟಮಿನ್ ಬರೆದರು. ಭಟ್ಕಳದವರು ಕುತ್ತಿಗೆಗೆ ಪಟ್ಟಿ ಹಾಕಿಸಿದರು. ಕೊನೆಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ನ್ಯೂರಾಲಜಿಸ್ಟ್ ಕೈಕಾಲಿಗೆಲ್ಲ ಸೂಜಿ ಚುಚ್ಚಿ ಟೆಸ್ಟ್ ಮಾಡಿ, ರೋಗದ ಹೆಸರನ್ನು ನನ್ನ ಗಂಡನಿಗೆ ಹೇಳಿದರು.

ಮೋಟಾರ್ ನ್ಯೂರಾನ್ ಡಿಸೀಸ್.

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಕಿವಿ ಕೇಳುತ್ತಿತ್ತು, ಬಾಯಿಯೂ ಗಟ್ಟಿಯಿತ್ತು. ರೋಗ ಅವರಿಗಾ, ನನಗಾ ಎಂದು ಕೇಳಿಯೇಬಿಟ್ಟೆ. ಡಾಕ್ಟರು ನನ್ನ ಕಡೆ ನೋಡದೆ, ಇಂಥ ಪೇಶಂಟಿಗೆ ಸಿಟ್ಟು ಸಹಜ ಎಂದು ಅದನ್ನೂ ಗಂಡನಿಗೇ ವಿವರಿಸಿದರು. ನನ್ನ ಮಾತನ್ನು ಬೇರೆಯವರು ಆಡುವುದು ಶುರುವಾದದ್ದು ಅಲ್ಲಿಂದ. ಬಾಯಿ ಹೋದದ್ದು ಆಮೇಲೆ.

ಈಗ ನನಗೆ ಮಲಗುವುದೂ ಇನ್ನೊಬ್ಬರ ಕೈಯಿಂದ, ಕೂರುವುದೂ ಇನ್ನೊಬ್ಬರ ಕೈಯಿಂದ. ಆ ಕೈ ಹೆಚ್ಚಾಗಿ ಶಾರದಾ ಅತ್ತಿಗೆಯದು. ನಮ್ಮವರ ಅಕ್ಕ. ಧಾರೇಶ್ವರದ ತಮ್ಮ ಮನೆಯನ್ನು ಮಗ ಸೊಸೆಗೆ ಬಿಟ್ಟು ನನಗಾಗಿ ಬಂದು ನಿಂತವರು. ನಮ್ಮವರು ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಅತ್ತಿಗೆ ಇಲ್ಲದಿದ್ದರೆ ನಾನಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ಸಿಟ್ಟಾಗುವುದಿದೆ.

ನನ್ನ ರೆಪ್ಪೆಗಳು ತಾವಾಗಿಯೇ ಜೋತು ಬೀಳುವುದರಿಂದ ಮಿಟುಕಿಸಿ ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ, ಕಣ್ಣಿನ ಚಲನೆ ಹಿಡಿಯುವ ಯಂತ್ರಕ್ಕೂ ನನ್ನ ಕಣ್ಣು ಸಿಗಲಿಲ್ಲ. ಹಾಗಾಗಿ ಆಸ್ಪತ್ರೆಯ ಮೂಲಕ ಒಬ್ಬರು ಇಂಜಿನಿಯರ್ ಮೇಡಂ ಬಂದರು. ತಲೆಗೊಂದು ಟೊಪ್ಪಿ, ಟೊಪ್ಪಿ ತುಂಬ ಬಿಲ್ಲೆಗಳು, ಬಿಲ್ಲೆಗೆಲ್ಲ ತಣ್ಣನೆಯ ಜೆಲ್. ಎದುರಿನ ಸ್ಕ್ರೀನಿನಲ್ಲಿ ಅಕ್ಷರಗಳ ಮಣೆ. ಸಾಲು ಸಾಲಾಗಿ ಅಕ್ಷರಗಳು ಮಿಂಚುತ್ತವೆ. ನನಗೆ ಬೇಕಾದ ಅಕ್ಷರ ಮಿಂಚಿದಾಗ ಮಿದುಳು ಸಣ್ಣಗೆ ಬೆಚ್ಚುತ್ತದಂತೆ, ಟೊಪ್ಪಿ ಅದನ್ನು ಹಿಡಿಯುತ್ತದೆ. ಒಂದು ಅಕ್ಷರಕ್ಕೆ ಎಷ್ಟೋ ಸುತ್ತು. ಆಮೇಲೆ ಅದರ ಕೊಂಬಿಗೆ, ದೀರ್ಘಕ್ಕೆ, ಒತ್ತಿಗೆ ಮತ್ತೆ ಸುತ್ತು.

ಒಂದು ಪತ್ರಿಕೆಯವರು ಬಂದು ಫೋಟೋ ಹಿಡಿದುಕೊಂಡು ಹೋದರು. ಯೋಚಿಸಿದರೆ ಸಾಕು, ಅಕ್ಷರ ಮೂಡುತ್ತದೆ ಎಂದು ಬರೆದರು.

ಸುಳ್ಳು. ಶುದ್ಧ ಸುಳ್ಳು.

ಬೆರಳಿನಿಂದ ಟೈಪ್ ಮಾಡುತ್ತಿದ್ದಾಗಲೇ ನಾನು ಯೋಚಿಸುತ್ತಿದ್ದದ್ದು. ಕೈ ಅದರ ಪಾಡಿಗೆ ಜಮೀನಿನ ನಾಲ್ಕು ದಿಕ್ಕಿನ ಚಕ್ಕುಬಂದಿ ಹೊಡೆಯುತ್ತಿತ್ತು, ಮನಸ್ಸು ಸಂಜೆಗೆ ಬಂಗುಡೆ ಸಿಕ್ಕೀತೇ, ಮೀನುಸಾರಿಗೆ ಹಾಕುವ ತೆಪ್ಪಲು ಮನೆಯಲ್ಲಿ ಉಳಿದಿದೆಯೇ ಎಂದು ತಿರುಗಾಡಿಕೊಂಡಿರುತ್ತಿತ್ತು. ಈಗ ಬಂಗುಡೆಯ ನೆನಪಾದರೆ ಅಕ್ಷರ ತಪ್ಪಿತು. ತಪ್ಪಿದ್ದನ್ನು ಅಳಿಸಲು ಮತ್ತೊಂದು ಸುತ್ತು. ಮನಸ್ಸಿನಿಂದ ಟೈಪ್ ಮಾಡುವುದೆಂದರೆ ಮನಸ್ಸನ್ನು ಒಂದೇ ಚೌಕದಲ್ಲಿ ಕಟ್ಟಿಹಾಕಿ ಕಾಯುವುದು. ಅರ್ಧ ಸಾಲಿಗೆ ಕುತ್ತಿಗೆಯಲ್ಲಿ ಬೆವರು.

ಅದನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು ಬೇರೆ. ಅಂಗಡಿಯಲ್ಲಿ ನಾನು ಕಾಗದ ಹೊರಗೆ ತೆಗೆದ ಮೇಲೆಯೇ ಜನ ಓದುತ್ತಿದ್ದರು. ಈಗ ಒಂದು ಅಕ್ಷರ ಬಿತ್ತೆಂದರೆ ಹಿಂದೆ ನಿಂತವರೆಲ್ಲ ಶಬ್ದ ಪೂರ್ತಿ ಮಾಡುತ್ತಾರೆ. ನೀರಾ, ನಿದ್ದೆಯಾ, ನೋವಾ? ಸರಿಯೋ ತಪ್ಪೋ ನೋಡುವವರಿಲ್ಲ. ನೀರು ಕುಡಿಸಿಯೇ ಬಿಡುತ್ತಾರೆ. ಮಾವಿನಕುರ್ವೆಯ ಅಜ್ಜಿಯೊಬ್ಬಳು ನನ್ನ ಅಂಗಡಿಗೆ ಬಂದು ತಕರಾರು ಹೇಳುವಾಗ ಹುಣಸೆಮರದಿಂದ ಹಿಡಿದು ಮೈದುನನ ಮದುವೆಯ ತನಕ ಸುತ್ತುತ್ತಿದ್ದಳು. ನಾನು ಕೀಲಿಗಳ ಮೇಲೆ ಬೆರಳಿಟ್ಟು ಕೂತಿರುತ್ತಿದ್ದೆ. ಹೇಳುವವರು ಮುಗಿಸುವ ಮೊದಲು ಫುಲ್‌ಸ್ಟಾಪ್ ಹಾಕಿದವಳಲ್ಲ ನಾನು.

ಮನೆಮಂದಿಯ ಅವಸರ ನೋಡಿ ಮೇಡಂ ಇನ್ನೊಂದು ಸ್ಕ್ರೀನ್ ಮಾಡಿಕೊಟ್ಟರು. ಬಲಕ್ಕೆ ಹೌದು, ಎಡಕ್ಕೆ ಇಲ್ಲ. ಅಷ್ಟೇ. ಅತ್ತಿಗೆಯ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ವಿದ್ಯೆ. ನಮ್ಮ ಕಡೆ ಮದುವೆಯಿರಲಿ, ಬಾವಿ ತೋಡುವುದಿರಲಿ, ದೇವರಲ್ಲಿ ಪ್ರಸಾದ ಕೇಳುತ್ತಾರೆ. ಭಟ್ಟರು ಮೂರ್ತಿಗೆ ಒದ್ದೆ ಹೂವಿನೆಸಳು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಅತ್ತಿಗೆ ಅಂದಿನಿಂದ ಯಂತ್ರದ ಮುಂದೆ ಕೈಮುಗಿದು ನನ್ನನ್ನು ಪ್ರಶ್ನೆ ಕೇಳತೊಡಗಿದರು. ಪಕ್ಕದ ಮನೆಯವರು ತಮ್ಮ ಕಳೆದುಹೋದ ಕಿವಿಯೋಲೆ ಸಿಗುತ್ತದೋ ಇಲ್ಲವೋ ಎಂದು ನನ್ನಲ್ಲಿ ಕೇಳಿಸಿದರು. ಹೌದು ಎಂದೆ. ಸಿಕ್ಕಿತು. ಆಮೇಲೆ ನನ್ನ ಗ್ರಹಚಾರ ಇನ್ನೂ ಕೆಟ್ಟಿತು.

ಆ ಹೊತ್ತಿಗೆ ನುಂಗುವುದು ಕಷ್ಟವಾಗಿತ್ತು. ಅತ್ತಿಗೆ ಅನ್ನ ನುರಿದು ಸಾರು ಕಲಸಿ ತುತ್ತು ಕೊಡುತ್ತಿದ್ದರು. ಪ್ರತಿ ಊಟಕ್ಕೂ ಕೆಮ್ಮು, ಕಣ್ಣೀರು. ಪೆಗ್ ಟ್ಯೂಬ್ ಹಾಕಿಸಿ, ನೇರ ಹೊಟ್ಟೆಗೆ ಆಹಾರ ಕೊಡಬಹುದು ಎಂದರು ಡಾಕ್ಟರು. ಉಸಿರಿನ ಶಕ್ತಿ ಇರುವಾಗಲೇ ಆಗಬೇಕು, ಆಮೇಲೆ ಮಾಡಲಾಗುವುದಿಲ್ಲ ಎಂದೂ ಹೇಳಿದರು. ಪೇಶಂಟಿನ ಒಪ್ಪಿಗೆ ಬೇಕು ಎಂದರು.

ನನಗೆ ಟ್ಯೂಬ್ ಬೇಕಿತ್ತು. ಬದುಕುವ ಆಸೆ ಇತ್ತು. ಇದರಲ್ಲಿ ನಾಚಿಕೆಯೇನು?

ಅತ್ತಿಗೆಗೆ ಅದು ಸರಿಹೋಗಲಿಲ್ಲ. “ಬಾಯಲ್ಲಿ ತಿಂಬುದೂ ಬಿಟ್ರೆ ಅವ್ಳಿಗೆ ಇನ್ನೆಂತ ಉಳೀತದೆ?” ಎಂದು ತಮ್ಮನ ಹತ್ತಿರ ಅತ್ತರು. ನಮ್ಮವರು ಅವಳನ್ನೇ ಕೇಳುವಾ ಎಂದರು.

ಸೋಮವಾರ ಒಳ್ಳೆಯ ದಿನವೆಂದು ಆಯಿತು, ನಮ್ಮವರು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಅತ್ತಿಗೆ ನನಗೆ ತಲೆಸ್ನಾನ ಮಾಡಿಸಿದರು. ಕೂದಲು ಒಣಗಿದ ಮೇಲೆ ಬಿಸಿ ಮಾಡಿದ ತೆಂಗಿನೆಣ್ಣೆಯನ್ನು ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದರು. ಅಬ್ಬಲಿಗೆ ಹೂವಿನ ದಂಡೆ ಮುಡಿಸಿದರು. ತಲೆಗೆ ಎಣ್ಣೆ ಸೋಕಿಸಬಾರದು, ಬಿಲ್ಲೆಗೆ ಏನೂ ಸಿಗುವುದಿಲ್ಲ ಎಂದು ಮೇಡಂ ಎಷ್ಟು ಸಲ ಹೇಳಿದ್ದರೋ. ನಮ್ಮವರಿಗೆ ನೆನಪಾಗಿ ಕೇಳಿದರೆ ಅತ್ತಿಗೆ, “ಎಣ್ಣೆ ಇಲ್ದಿದ್ ತಲೆ ಮಾಡ್ಕಂಡು ಪ್ರಸಾದ ಕೇಳೂಕೆ ಆತದಾ?” ಎಂದರು. ಎಣ್ಣೆಯ ಮೇಲೆಯೇ ಟೊಪ್ಪಿ ಬಿತ್ತು. ದೀಪ ಹಚ್ಚಿದರು. ಟ್ಯೂಬ್ ಬೇಕಾ ಎಂದು ಕೇಳಿದರು.

ನಾನು ಬಲಗಡೆಯ ಹೌದು ಎಂಬುದನ್ನು ಇಡೀ ಜೀವದಿಂದ ನೋಡಿದೆ.

ಎಡಗಡೆ ಹಸಿರಾಯಿತು. ಇಲ್ಲ.

“ನೋಡು, ಅವ್ಳಿಗೇ ಬ್ಯಾಡ. ಇನ್ ಒತ್ತಾಯ ಮಾಡೂದು ಎಂತಕೆ?” ಎಂದು ಅತ್ತಿಗೆ ನನ್ನ ಕೆನ್ನೆ ಸವರಿದರು. ನನ್ನ ಕಣ್ಣಿಂದ ನೀರು ಇಳಿಯಿತು. ಅದನ್ನು ಭಕ್ತಿ ಎಂದುಕೊಂಡರು. ನಮ್ಮವರು ಅಂಗಳಕ್ಕೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿ ಬೇಡವಂತೆ ಎಂದು ಹೇಳಿದ್ದು ನನಗೆ ಒಳಗೆ ಕೇಳಿಸಿತು. ಪೂಜೆ ಮಾಡಿದರು, ಹೂ ಮುಡಿಸಿದರು, ನನ್ನ ಜೀವದ ತೀರ್ಮಾನವನ್ನು ಒಂದು ಚಮಚ ಎಣ್ಣೆಗೆ ಒಪ್ಪಿಸಿದರು. ಕೂಗಲು ಗಂಟಲಿರಲಿಲ್ಲ. ಇದ್ದಿದ್ದರೆ ಬಂದರಿನ ತನಕ ಕೇಳುತ್ತಿತ್ತು.

ಎಣ್ಣೆ ಇಳಿಯದ ನೆತ್ತಿಯಿಂದ ಆ ವಾರವೆಲ್ಲ ಅಕ್ಷರದ ಮಣೆಗೂ ಏನೂ ಸಿಗಲಿಲ್ಲ. ಮೇಡಂ ಮುಂದಿನ ವಾರ ಬಂದವರೇ ನನ್ನ ನೆತ್ತಿ ಮುಟ್ಟಿ ಬೆರಳು ನೋಡಿಕೊಂಡರು. ವಿಷಯ ಕೇಳಿ ತಿಳಿದುಕೊಂಡು, ಅಂದಿನ ಇಲ್ಲ ಇವರದ್ದಲ್ಲ, ಯಂತ್ರ ಕುರುಡಾಗಿ ಆರಿಸಿದ್ದು ಎಂದರು. ಶಾಂಪೂ ಹಾಕಿ ಅವರೇ ತೊಳೆದರು. ನಮ್ಮವರು ಅಂದೂ ಕೆಲಸಕ್ಕೆ ರಜೆ ಹಾಕಿದರು. ಮೇಡಂ ಮತ್ತೆ ಹೌದು ಇಲ್ಲದ ಸ್ಕ್ರೀನ್ ತೆರೆದಾಗ ನಾನು ಕಣ್ಣು ಮುಚ್ಚಿಬಿಟ್ಟೆ. ಅಕ್ಷರದ ಮಣೆ ಬರುವ ತನಕ ತೆರೆಯಲಿಲ್ಲ.

ಎರಡು ಶಬ್ದದಲ್ಲಿ ಮುಗಿಸಬಹುದಿತ್ತು. ಬೇಕೆಂದೇ ಉದ್ದ ಬರೆದೆ. ಕೋರ್ಟಿನ ಭಾಷೆಯಲ್ಲಿ ಬರೆದೆ, ಯಾಕೆಂದರೆ ಅದನ್ನು ಮಧ್ಯದಲ್ಲಿ ಯಾರೂ ತುಂಡು ಮಾಡುವುದಿಲ್ಲ.

“ಸುಲೋಚನಾ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಹೊಟ್ಟೆಗೆ ಟ್ಯೂಬ್ ಹಾಕಲು ನನ್ನ ಒಪ್ಪಿಗೆ ಇದೆ. ನನಗೆ ಬದುಕಬೇಕು.”

ಬೆಳಗಿನ ತಿಂಡಿಯ ಹೊತ್ತಿಗೆ ಶುರುವಾದದ್ದು ಮಧ್ಯಾಹ್ನ ಇಳಿದ ಮೇಲೆ ಮುಗಿಯಿತು. ನಡುವೆ ಎರಡು ಸಲ ಸುಸ್ತಾಗಿ ನಿಲ್ಲಿಸಿದೆ. ಅತ್ತಿಗೆ ಮೊದಲು ಒಳಗೆ ಹೊರಗೆ ಓಡಾಡಿದರು, ಆಮೇಲೆ ನನ್ನ ಪಕ್ಕ ಕೂತರು. ಎಲ್ಲ ಮುಗಿದ ಮೇಲೆ ನಮ್ಮವರು ದೊಡ್ಡದಾಗಿ ಓದಿದರು. ಅತ್ತಿಗೆ ನನ್ನ ಕಡೆ ತಿರುಗಿದರು.

“ನಾನೇ ನಿನ್ನ ಕೊಲ್ತಿದ್ನಲ್ಲೇ,” ಎಂದರು.

ಟ್ಯೂಬ್ ಹಾಕಿಸಿ ಬಂದೆವು. ರೋಗ ಎಲ್ಲೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಕೆಮ್ಮು ನಿಂತಿದೆ, ಮೈಗೆ ಸ್ವಲ್ಪ ಕಸುವು ಬಂದಿದೆ. ಆ ಕಸುವಿನಲ್ಲೇ ಎಷ್ಟೋ ಬೆಳಿಗ್ಗೆ ಕೂತು ಇದನ್ನು ಬರೆದದ್ದು. ಸಿಟ್ಟು ಆರಿಲ್ಲ. ಬಾಯಿ ಹೋದವರ ಪಕ್ಕದಲ್ಲಿ ಕೂತವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಬಾಯಿ ಮುಚ್ಚಿಕೊಂಡು ಕಾಯಿರಿ.

ಈಗ ಅತ್ತಿಗೆ ಟ್ಯೂಬಿಗೆ ಗಂಜಿ ಹೊಯ್ಯುವ ಮೊದಲು ಬೆರಳ ತುದಿಯಲ್ಲಿ ಒಂದು ಹನಿ ಮೀನುಸಾರು ನನ್ನ ನಾಲಿಗೆಗೆ ಸವರುತ್ತಾರೆ. ಡಾಕ್ಟರು ಅಷ್ಟಕ್ಕೆ ಒಪ್ಪಿದ್ದಾರೆ. ನಿನ್ನೆ ಸವರಿ, ಹೆಂಗದೆ ಎಂದು ಕೇಳಿ, ಅಕ್ಷರದ ಮಣೆ ತೆರೆದು ಕೂತರು. ಮೊದಲ ಅಕ್ಷರ ಬಿತ್ತು. ಎರಡನೆಯದು ತಪ್ಪಿತು, ಅಳಿಸಿದೆ. ಅತ್ತಿಗೆ ತುಟಿ ಬಿಗಿಹಿಡಿದು ಕೂತೇ ಇದ್ದರು. ಗಂಜಿ ತಣ್ಣಗಾಯಿತು. ಎದ್ದು ಮತ್ತೆ ಬಿಸಿ ಮಾಡಿ ತಂದರು, ಮತ್ತೆ ಕೂತರು.

ಉಪ್ಪು ಕಮ್ಮಿ, ಎಂದು ಬರೆದು ಮುಗಿಸಿದೆ.

“ಆತು,” ಎಂದು ಅತ್ತಿಗೆ ಉಪ್ಪು ತರಲು ಒಳಗೆ ಹೋದರು.