ಮೆಂಗ್ ಮೇಸ್ತ್ರಿಯ ಸುಟ್ಟ ಪೀಚು

ನಂಬುವುದಿಲ್ಲವಾದರೆ ಬಿಡು. ಮೆಂಗ್ ಯೂತಿಯಾನ್ ಅಂಥವನು ನಡುಮಧ್ಯಾಹ್ನ ಹಣ್ಣಿನ ಚೀಲ ಬಿಚ್ಚುವುದುಂಟೇ ಅಂತ ನೀನೊಬ್ಬನೇ ಅಲ್ಲ, ಲಿಯುಗೌ ಊರಿಗೆ ಊರೇ ಕೇಳಿತು. ನಲವತ್ತು ವರ್ಷ ತೋಟದ ಮೇಸ್ತ್ರಿಯಾಗಿದ್ದವನು ಅವನು. ಪೀಚು ನೆಲ್ಲಿಕಾಯಿಯಷ್ಟಿದ್ದಾಗಲೇ ಒಂದೊಂದಕ್ಕೂ ಕಾಗದದ ಚೀಲ ತೊಡಿಸಬೇಕು, ಹಣ್ಣಾಗುವ ಹೊತ್ತಿಗೆ ಮೊದಲು ಚೀಲದ ತಳ ಹರಿದು ಮೂರು ದಿನ ಕೊಡೆಯ ಹಾಗೆ ಬಿಡಬೇಕು, ಆಮೇಲೆ ತಂಪು ಹೊತ್ತಿನಲ್ಲಿ ತೆಗೆಯಬೇಕು ಅಂತ ಎಲ್ಲರ ತಲೆ ತಿಂದವನೂ ಅವನೇ. ಕತ್ತಲಲ್ಲಿದ್ದ ಹಣ್ಣನ್ನು ಒಮ್ಮೆಗೇ ಬಿಸಿಲಿಗೆ ಒಡ್ಡಿದರೆ ಕೆನ್ನೆ ಸುಡುತ್ತದೆ. ಹಾಗೆ ಸುಟ್ಟವನನ್ನು ಅವನು ಒಂದು ವಾರ ಮಾತಾಡಿಸುತ್ತಿರಲಿಲ್ಲ.

ಆ ವರ್ಷದ ಸೆಖೆಯೂ ಅಂಥದ್ದೇ. ನಮ್ಮ ಕೆರೆಯ ಬಾತುಗಳು ಒಂದು ಕಾಲು ನೀರಿಗಿಟ್ಟು ನೋಡಿ, ವಾಪಸು ಬಂದು ನೆರಳಲ್ಲಿ ಕೂತವು. ನಗಬೇಡ. ಒಂದು ಬಾತು ಮಾತ್ರ ಹಟ ಮಾಡಿ ಇಳಿಯಿತು, ಅದನ್ನು ಸಂಜೆ ಉಪ್ಪು ಹಚ್ಚಿಕೊಂಡು ತಿಂದೆವು.

ಮೆಂಗ್ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬೇಸಿಗೆಯ ಮೊದಲಲ್ಲಿ ಹೊಳೆಯಾಚೆಯಿಂದ ಲೂ ಶ್ಯೂಚಿನ್ ಎಂಬ ವಿಧವೆ ಚೀಲ ಕಟ್ಟಲು ಬಂದಳು. ಅರವತ್ತರ ಹೆಂಗಸು, ಎಡಗೈಯವಳು. ಉಳಿದವರು ಒಂದು ಕೊಂಬೆ ಮುಗಿಸುವಷ್ಟರಲ್ಲಿ ಅವಳು ಮರ ಮುಗಿಸಿ, ಏಣಿ ಹೊತ್ತು ಮುಂದಿನ ಮರಕ್ಕೆ ಹೋಗಿರುತ್ತಿದ್ದಳು. ಮೆಂಗ್ ಅವಳ ಕೆಲಸದಲ್ಲಿ ತಪ್ಪು ಹುಡುಕಲೆಂದು ದಿನವೂ ಅವಳ ಏಣಿಯ ಕೆಳಗೆ ನಿಂತ. ಹದಿನೆಂಟು ದಿನ ನಿಂತರೂ ಒಂದೂ ಸಿಗಲಿಲ್ಲ. ಹತ್ತೊಂಬತ್ತನೆಯ ದಿನ ಸಂಬಂಧ ಕುದುರಿಸುವ ಪಾಂಗ್ ಅತ್ತೆಯ ಮನೆ ಬಾಗಿಲು ತಟ್ಟಿದ.

ಪಾಂಗ್ ಅತ್ತೆ ಹೊಳೆ ದಾಟಿ ಹೋಗಿ ಕೇಳಿದ್ದಕ್ಕೆ ಶ್ಯೂಚಿನ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಡುಸೆಖೆಯ ಮೂರು ಪಾಳಿಗಳಲ್ಲಿ ಎರಡನೆಯದು ಶುರುವಾಗುವ ದಿನ, ಎಲ್ಲರೂ ನೂಡಲ್ಸ್ ಉಣ್ಣುವ ಆ ಮಧ್ಯಾಹ್ನ, ತಾನೇ ಬಂದು ಮೇಸ್ತ್ರಿಯ ಮನೆಮುಂದಿನ ಮರದ ಹಣ್ಣು ತಿಂದು ನೋಡಿ ಉತ್ತರ ಹೇಳುವೆನೆಂದಳು. ಆ ಮರದ ತಾಯಿಮರ ಗೊತ್ತಲ್ಲ? ನಮ್ಮಜ್ಜನ ಕಾಲದಲ್ಲಿ ಅದರ ಒಂದೇ ಹಣ್ಣನ್ನು ಗಾಡಿಯ ಹಿಂದೆ ಹೇರಿದರೆ ಮುಂದಿನ ಕತ್ತೆ ಗಾಳಿಯಲ್ಲಿ ತೂಗಾಡುತ್ತಿತ್ತಂತೆ. ಅದಿರಲಿ.

ಆ ದಿನಕ್ಕೆ ಮುಂಚೆ ಎಂಟು ದಿನ ಒಂದೇ ಸಮನೆ ಮಳೆ. ಮಳೆ ನಿಂತಾಗ ಉಳಿದದ್ದು ನಾಲ್ಕೇ ದಿನ. ಮೆಂಗ್ ಒಂದು ಚೀಲದೊಳಗೆ ಇಣುಕಿದರೆ ಹಣ್ಣು ಬಿಳಿಚಿಕೊಂಡು ಕೂತಿದೆ. ತಳ ಹರಿದು ಮೂರು ದಿನ ಬಿಟ್ಟರೆ ಕೆಂಪೇರಲು ಉಳಿಯುವುದು ಒಂದು ದಿನ. ಪೇಲವ ಹಣ್ಣು ಕೊಟ್ಟು ಹೆಂಗಸಿನ ಮನಸ್ಸು ಗೆಲ್ಲುವುದು ಹೇಗೆ? ನಡುಮಧ್ಯಾಹ್ನ ಊರೆಲ್ಲ ಊಟ ಮಾಡಿ ಮಲಗಿದ್ದ ಹೊತ್ತಿನಲ್ಲಿ ಏಣಿ ಹಾಕಿ, ಇಡೀ ಮರದ ಚೀಲಗಳನ್ನು ಒಂದೇ ಉಸಿರಿಗೆ ಕಿತ್ತ. ಮಾರನೆಯ ದಿನ ಸಂಜೆಯ ಹೊತ್ತಿಗೆ ಬಿಸಿಲ ಕಡೆಯ ಕೆನ್ನೆಗಳೆಲ್ಲ ಹೆಂಚಿನ ಮೇಲೆ ಮರೆತ ರೊಟ್ಟಿಯಂತೆ ಕಂದಿಹೋಗಿದ್ದವು. ಆಗ ಅವನು ಇನ್ನೂ ದೊಡ್ಡ ಬುದ್ಧಿವಂತಿಕೆ ಮಾಡಿದ. ಚೀಲಗಳನ್ನೆಲ್ಲ ಮತ್ತೆ ತೊಡಿಸಿಬಿಟ್ಟ.

ನೂಡಲ್ಸಿನ ದಿನ ಶ್ಯೂಚಿನ್ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಪಾಂಗ್ ಅತ್ತೆಯನ್ನು ಮುಂದಿಟ್ಟುಕೊಂಡು ಬಂದಳು. ಮೆಂಗ್ ಬಾವಿಯಲ್ಲಿ ತಣಿಸಿಟ್ಟ ಹೆಸರುಕಾಳಿನ ತಿಳಿ ಕೊಟ್ಟ, ಮಳೆಯಿಂದಾಗಿ ಈ ಮರ ತಡ ಎಂದ, ಆಚೆಯ ಸಾಲಿನ ಹಣ್ಣು ಬೆಲ್ಲದಂತಿದೆ ಎಂದ. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಲೇ ನೇರ ಆ ಮರದ ಕೆಳಗೆ ಹೋಗಿ ನಿಂತಳು. ಒಂದು ಚೀಲದ ಬಾಯಿಗೆ ಸುತ್ತಿದ ತಂತಿ ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು.

"ಮೇಸ್ತ್ರಿಗಳೇ, ಈ ಮರಕ್ಕೆ ಚೀಲ ಕಟ್ಟಿದ್ದು ನಾನಲ್ವಾ?"

"ನೀವೇ."

"ನಾನು ತಂತೀನ ಎಡಕ್ಕೆ ತಿರುವ್ತೀನಿ. ಇವೆಲ್ಲ ಬಲಕ್ಕೆ ತಿರುಗಿದಾವೆ."

ಪಾಂಗ್ ಅತ್ತೆ ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡಳು. ಶ್ಯೂಚಿನ್ ಚೀಲ ಬಿಚ್ಚಿದಳು. ಕಂದಿದ ಕೆನ್ನೆಯ ಹಣ್ಣು ಹೊರಬಂತು. ಮೆಂಗನ ಮುಖದ ಬಣ್ಣ ಅದಕ್ಕಿಂತ ಬೇರೆಯಿರಲಿಲ್ಲ.

"ನಡುಮಧ್ಯಾಹ್ನ ಬಿಚ್ಚಿದ್ರಾ?"

"ಹೂಂ."

"ಹೀಗೆ ಸುಟ್ಟ ಅಂತ ಹೋದ ವರ್ಷ ಸ್ವಂತ ಸೋದರಳಿಯನನ್ನೇ ತೋಟದಿಂದ ಓಡಿಸಿದ್ರಂತೆ?"

"ಓಡಿಸಿದ್ದೆ. ಈಗ ಹೋಗಿ ಅವನ ಕಾಲಿಗೆ ಬೀಳ್ಬೇಕು." ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಂಡಿದ. "ನಾಲ್ಕು ದಿನ ಕಾಯೋಕೆ ನನ್ನ ಕೈಲಿ ಆಗ್ಲಿಲ್ಲ. ನೀವು ಬರೋ ಹೊತ್ತಿಗೆ ಕೆಂಪಾಗ್ಲಿ ಅಂತ."

ಶ್ಯೂಚಿನ್ ಹಣ್ಣನ್ನು ತೋಳಿಗೆ ಉಜ್ಜಿ, ಸುಡದ ಕಡೆಗೆ ತಿರುಗಿಸಿ ಕಚ್ಚಿದಳು. ರಸ ಮೊಣಕೈವರೆಗೆ ಹರಿಯಿತು. ಪೂರ್ತಿ ತಿಂದು, ಬೀಜ ಚೀಪಿ, ನಿಧಾನವಾಗಿ ಮಾತೆತ್ತಿದಳು.

"ನಮ್ಮ ಯಜಮಾನ್ರು ಬಹಳ ತಾಳ್ಮೆಯೋರು. ಸೂರು ಸೋರಿದ್ರೆ ಮಳೆ ನಿಲ್ಲಲಿ ಅನ್ನೋರು. ಮಳೆ ನಿಂತ ಮೇಲೆ, ಈಗೆಲ್ಲಿ ಸೋರ್ತಿದೆ ಅನ್ನೋರು. ಇಪ್ಪತ್ತಾರು ವರ್ಷ ನಾನು ಪಾತ್ರೆ ಇಟ್ಕೊಂಡು ಕೂತಿದ್ದೆ." ಬೀಜವನ್ನು ಅವನ ಟೊಪ್ಪಿಗೆಯೊಳಗೆ ಹಾಕಿದಳು. "ನಿಮ್ಮ ಮನೆಗೆ ಬರ್ತೀನಿ, ಮೇಸ್ತ್ರಿಗಳೇ. ಆದ್ರೆ ಇನ್ಮೇಲೆ ಚೀಲ ಬಿಚ್ಚೋದು ನಾನು. ನೀವು ಏಣಿ ಹಿಡ್ಕೊಂಡ್ರೆ ಸಾಕು."

ಮೆಂಗ್ ತಕ್ಷಣ ಹೋಗಿ ಏಣಿ ಹಿಡಿದುಕೊಂಡ. ಅದರ ಮೇಲೆ ಯಾರೂ ಇರಲಿಲ್ಲ. ಪಾಂಗ್ ಅತ್ತೆ ಹೊಟ್ಟೆ ಹಿಡಿದು ನಕ್ಕು ಕಲ್ಲಿನ ಮೇಲೆ ಕುಸಿದಳು. ಸುಟ್ಟ ಹಣ್ಣುಗಳನ್ನು ಅಂದೇ ಊರಿಗೆಲ್ಲ ಹಂಚಿದರು, ನಾನೇ ನೂರಹದಿನಾಲ್ಕು ತಿಂದೆ. ಯಾಕೆ ಹಾಗೆ ನೋಡುತ್ತೀ? ಬೀಜ ಎಣಿಸಿದವರು ಇದ್ದಾರೆ, ಈಗಲೇ ಕರೆಸುತ್ತೇನೆ, ಮೊದಲನೆಯವನು ನಮ್ಮ...

"ರೀ, ಸೌತೆಕಾಯಿ ಹೆಚ್ಚಿ ಆಯ್ತು, ನೂಡಲ್ಸ್ ಮುದ್ದೆಯಾಗ್ತಿದೆ. ಬರ್ತೀರೋ, ನಾಯಿಗೆ ಹಾಕ್ಲೋ?"

ಬಂದೆ, ಬಂದೆ.