ಹಂಗಾಮಿ ಆವಲಪ್ಪನವರು
ಐವತ್ತೇಳನೇ ಇಸವಿಯಲ್ಲಿ ಅಧ್ಯಕ್ಷರು ತೀರಿಕೊಂಡಾಗ, ಹೊಸಬರು ಆರಿಸಿ ಬರುವವರೆಗೆ ನಮ್ಮೂರ ಪುರಸಭೆಯ ಕುರ್ಚಿ ಕಾಯಲು ಸಿಕ್ಕವರು ಆವಲಪ್ಪನವರು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿಯೇ ವ್ಯಾಪಾರ ಮಾಡುತ್ತಿದ್ದ ಮನುಷ್ಯ; ಕುರ್ಚಿಗೆ ಬಂದಮೇಲೆ ಊರನ್ನೂ ಹಾಗೇ ಕೇಳತೊಡಗಿದರು. ಕಚೇರಿಯ ಗಡಿಯಾರಕ್ಕೆ ಕಿವಿ, ದೀಪದ ಕಂಬಕ್ಕೆ ಕಿವಿ, ಹೆಂಡತಿ ರಾಮಲಕ್ಷ್ಮಮ್ಮನವರು ಹೇಳುವಂತೆ ಕುದಿಯುವ ಸಾರಿಗೂ ಕಿವಿ. ಹಾರ ತಂದವರಿಗೆ, "ಬೇಡ ಕಣಪ್ಪ, ನಾನು ಹಂಗಾಮಿ" ಅನ್ನುವರು. ಕೆಲಸ ಕೇಳಿ ಬಂದ ಸ್ವಂತ ಅಳಿಯನಿಗೂ ಅದೇ ಮಾತು. ಒಂದು ಬೆಳಿಗ್ಗೆ ಊರಾಚೆಯ ಕೇರಿಯ ನಲ್ಲಿಗೆ ಕಿವಿಯಿಟ್ಟರು, ಬರೀ ಗಾಳಿ. "ಪೇಟೆಯೋರೆಲ್ಲ ತುಂಬ್ಕೊಂಡ ಮೇಲೆ ನಮಗೆ ಬರೋದು ಇದೇ ಗಾಳಿ, ಬುದ್ಧಿ" ಎಂದಳು, ಖಾಲಿ ಕೊಡ ಹಿಡಿದು ನಿಂತ ಮುನಿಗಂಗಮ್ಮ. ಮಾರನೆಯ ದಿನದಿಂದ ನೀರು ಮೊದಲು ಕೇರಿಗೆ. ಪೇಟೆಯವರು ರೇಗಿಕೊಂಡು ಬಂದಾಗ, "ಹಂಗಾಮಿ ಏರ್ಪಾಡು ಕಣ್ರಪ್ಪ, ನನ್ನ ಜೊತೇಲೇ ಹೋಗುತ್ತೆ" ಎಂದು ಕಾಫಿ ಕುಡಿಸಿ ಕಳಿಸಿದರು. ಆಮೇಲೆ ಖಾಯಂ ಅಧ್ಯಕ್ಷರು ಬಂದರು, ಹೋದರು, ಮತ್ತೊಬ್ಬರು ಬಂದರು. ನೀರು ಮಾತ್ರ ಇವತ್ತಿಗೂ ಮೊದಲು ಕೇರಿಗೇ. ಆವಲಪ್ಪನವರು ಈಗಲೂ ಬೆಳಿಗ್ಗೆ ಅತ್ತ ತಿರುಗಾಡಲು ಹೋಗಿ ನಲ್ಲಿಗೆ ಕಿವಿಯಿಡುತ್ತಾರೆ. "ಇದಿನ್ನೂ ಹಂಗಾಮೀನಾ ಬುದ್ಧಿ?" ಎಂದು ಮುನಿಗಂಗಮ್ಮ ನಕ್ಕರೆ, ಸುತ್ತ ಒಮ್ಮೆ ನೋಡಿ ಅನ್ನುತ್ತಾರೆ: "ಮೆಲ್ಲಗೆ ಕಣಮ್ಮ, ಯಾರಿಗಾದ್ರೂ ನೆನಪಾದೀತು."